ಹನ್ನೆರಡು ಮಾತ್ರೆಗಳ ವಿಶ್ರಾಂತಿ

ಗೂಡ್ಸ್ ಗಾಡಿ ಓಡಿಸುವವನ ದಣಿವಿನಲ್ಲಿ ಎರಡು ಬಗೆ. ಒಂದು ಮೈ ದಣಿವು. ಬಿಸಿನೀರು ಸುರಿದುಕೊಂಡು, ಎರಡು ರೊಟ್ಟಿ ತಿಂದು ಅಡ್ಡಾದರೆ ಅದು ಇಳಿಯುತ್ತದೆ. ಇನ್ನೊಂದು ಎಚ್ಚರದ ದಣಿವು. ಲಾಬಿಯಲ್ಲಿ ಸೈನ್ ಆಫ್ ಮಾಡಿ, ಲೈನ್ ಬಾಕ್ಸ್ ಇಳಿಸಿ, ಮನೆಯ ಬಾಗಿಲು ದಾಟಿದರೂ ಅದು ಕಣ್ಣಿನ ಹಿಂದೆ ಹಾಗೇ ಕೂತಿರುತ್ತದೆ. ಹಾಸಿಗೆಯ ಮೇಲೆ ಕಣ್ಣು ಮುಚ್ಚಿದರೆ ಹಳಿ ಕಾಣಿಸುತ್ತದೆ. ಬೀದಿಯಲ್ಲಿ ಯಾರದೋ ಸ್ಕೂಟರಿನ ಹಾರ್ನ್ ಕೇಳಿದರೆ ಕೈ ತಾನಾಗಿ ಬ್ರೇಕಿನ ಹಿಡಿಕೆ ಹುಡುಕುತ್ತದೆ. ಹುಬ್ಬಳ್ಳಿಯಲ್ಲಿ ಡ್ರೈವರ್ ಆಗಿ ದುಡಿದ ವರ್ಷಗಳಲ್ಲಿ ನನ್ನ ಸಂಗಡಿಗರೆಲ್ಲ ಈ ದಣಿವನ್ನು ಬಲ್ಲವರೇ ಆಗಿದ್ದರು. ಅದನ್ನು ಇಳಿಸಲು ಒಬ್ಬೊಬ್ಬರದು ಒಂದೊಂದು ದಾರಿ. ಕೆಲವರು ಸಿದ್ಧಾರೂಢರ ಮಠಕ್ಕೆ ಹೋಗಿ ಕೂರುತ್ತಿದ್ದರು, ಕೆಲವರು ಹೊಲಕ್ಕೆ ಹೋಗುತ್ತಿದ್ದರು, ಕೆಲವರು ಕುಡಿತಕ್ಕೆ ಬಿದ್ದು ಹಾಳಾದರು. ನನ್ನನ್ನು ಕಾಪಾಡಿದ್ದು ವಿಲಂಬಿತ ಏಕತಾಲ.

ಇದನ್ನು ಭಕ್ತಿಯಿಂದ ಮಾತ್ರ ಹೇಳುತ್ತಿಲ್ಲ. ಅದು ಹೇಗೆ ಕಾಪಾಡಿತು ಎಂಬುದನ್ನು ಬಹಳ ಕಾಲ ಯೋಚಿಸಿ, ನನಗೆ ತಿಳಿದಷ್ಟನ್ನು ಬರೆಯುತ್ತಿದ್ದೇನೆ.

ಮೊದಲು ನನ್ನ ಕೆಲಸದ ಬಗ್ಗೆ ಒಂದಿಷ್ಟು ಹೇಳಬೇಕು. ಹುಬ್ಬಳ್ಳಿಯಿಂದ ಪಶ್ಚಿಮಕ್ಕೆ, ಲೋಂಡಾ ದಾಟಿ ಕ್ಯಾಸಲ್‌ರಾಕ್ ತಲುಪಿದರೆ ಅಲ್ಲಿಂದ ಘಾಟ್ ಶುರು. ಕ್ಯಾಸಲ್‌ರಾಕಿನಿಂದ ಗೋವಾದ ಕುಳೆಂವರೆಗೆ ಸುಮಾರು 26 ಕಿಲೋಮೀಟರ್. ನಡುವೆ ಕಾರಂಜೋಲ್, ದೂಧಸಾಗರ, ಸೋನಾಲಿಮ್. ಅಲ್ಲಿನ ಇಳಿಜಾರು 37ಕ್ಕೆ 1, ಅಂದರೆ 37 ಮೀಟರ್ ಮುಂದೆ ಹೋದರೆ ಗಾಡಿ ಒಂದು ಮೀಟರ್ ಕೆಳಗಿಳಿದಿರುತ್ತದೆ. ನಡೆದು ಹೋಗುವವನಿಗೆ ಇದೇನೂ ದೊಡ್ಡದಲ್ಲ. ಸಾವಿರಾರು ಟನ್ ಅದಿರು ಹೇರಿಕೊಂಡು ಮುರ್ಮುಗೋವಾ ಬಂದರಿನ ಕಡೆಗೆ ಇಳಿಯುವ ಗಾಡಿಗೆ ಇದು ಪ್ರಾಣದ ಪ್ರಶ್ನೆ. ಅಲ್ಲಿಂದ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಕಲ್ಲಿದ್ದಲು ಹೊತ್ತು ಹತ್ತುವಾಗ ಹಿಂದಿನಿಂದ ಬ್ಯಾಂಕರ್ ಎಂಜಿನ್‌ಗಳು ತಳ್ಳಬೇಕು. ಮಳೆಗಾಲದಲ್ಲಿ ಹಳಿ ಜಾರುತ್ತದೆ, ಸುರಂಗದ ಬಾಯಿಯಲ್ಲಿ ಮಂಜು ಕಟ್ಟುತ್ತದೆ. ಪ್ರಯಾಣಿಕರು ಕಿಟಕಿಗೆ ಮುಖವಿಟ್ಟು ಜಲಪಾತ ನೋಡುವ ಆ ಜಾಗದಲ್ಲಿ ನಮ್ಮ ಕಣ್ಣು ಬ್ರೇಕಿನ ಒತ್ತಡ ತೋರಿಸುವ ಮುಳ್ಳಿನ ಮೇಲಿರುತ್ತದೆ. ಕಾದ ಬ್ರೇಕ್ ಬ್ಲಾಕಿನ ವಾಸನೆ ಮೂಗಿಗೆ ಅಂಟಿಕೊಂಡಿರುತ್ತದೆ.

ಎಂಜಿನ್ನಿನಲ್ಲಿ ಇನ್ನೊಂದು ವ್ಯವಸ್ಥೆಯಿದೆ. ಡ್ರೈವರ್ ಎಚ್ಚರವಾಗಿದ್ದಾನೆಯೇ ಎಂದು ಅದು ಸದಾ ಪರೀಕ್ಷಿಸುತ್ತಿರುತ್ತದೆ. ನಾವು ವಿಸಿಡಿ ಎನ್ನುತ್ತೇವೆ. 60 ಸೆಕೆಂಡು ನೀವು ಹಾರ್ನ್ ಹಾಕದೆ, ಬ್ರೇಕ್ ಮುಟ್ಟದೆ, ನಾಚ್ ಬದಲಿಸದೆ ಸುಮ್ಮನಿದ್ದರೆ ದೀಪ ಮಿಣುಕುತ್ತದೆ. ಆಗಲೂ ಗುಂಡಿ ಒತ್ತದಿದ್ದರೆ ಬಜರ್ ಕೂಗುತ್ತದೆ. ಅದಕ್ಕೂ ಉತ್ತರ ಕೊಡದಿದ್ದರೆ ಗಾಡಿ ತಾನಾಗಿ ಬ್ರೇಕ್ ಬಿದ್ದು ನಿಲ್ಲುತ್ತದೆ. ಒಳ್ಳೆಯ ವ್ಯವಸ್ಥೆ. ಎಷ್ಟೋ ಜೀವ ಉಳಿಸುವಂಥದ್ದು. ಆದರೆ ರಾತ್ರಿಯಿಡೀ ನಿಮಿಷಕ್ಕೊಮ್ಮೆ ‘ಎಚ್ಚರ ಇದ್ದೀಯಾ?’ ಎಂಬ ಪ್ರಶ್ನೆಗೆ ಉತ್ತರ ಕೊಟ್ಟ ಮೈಗೆ, ಬೆಳಿಗ್ಗೆ ಯಾರೂ ಆ ಪ್ರಶ್ನೆ ಕೇಳದಿದ್ದರೂ ಉತ್ತರ ಕೊಡುವ ಚಾಳಿ ಬಿಡುವುದಿಲ್ಲ.

ಮದುವೆಯಾದ ಹೊಸತರಲ್ಲಿ ನನ್ನ ಹೆಂಡತಿ ಇದನ್ನು ಕಂಡು ಕಂಗಾಲಾಗಿದ್ದಳು. “ಮನಿಗೆ ಬಂದೀರಿ, ಮನ್ಯಾಗ ಇರ್ರಿ” ಎನ್ನುತ್ತಿದ್ದಳು. ಟಿವಿ ಹಾಕಿ ಕೂತರೆ ತಲೆ ಇನ್ನಷ್ಟು ಓಡುತ್ತಿತ್ತು. ಸಿನಿಮಾ ಹಾಡು ಮನಸ್ಸಿಗೆ ಹಿತವಾಗಿರುತ್ತಿತ್ತು, ಆದರೆ ನಾಲ್ಕು ನಿಮಿಷಕ್ಕೆ ಮುಗಿದು ಮತ್ತೊಂದು ಶುರುವಾಗುತ್ತಿತ್ತು. ಹಾಡಿನಿಂದ ಹಾಡಿಗೆ ಹಾರುತ್ತ ನಾನು ಇದ್ದಲ್ಲೇ ಇರುತ್ತಿದ್ದೆ.

ದಾರಿ ತೋರಿಸಿದವರು ನನ್ನ ಮಾವನವರು. ಅವರು ಕುಂದಗೋಳದಲ್ಲಿ ಪ್ರಾಥಮಿಕ ಶಾಲೆಯ ಮಾಸ್ತರರಾಗಿದ್ದವರು. ಹಾಡುಗಾರರಲ್ಲ. ಭಜನಾ ಮೇಳದಲ್ಲಿ ತಬಲಾ ಹಿಡಿಯುವಷ್ಟು ಕೈ ಇತ್ತು. ಆದರೆ ಅವರಂಥ ಕೇಳುಗರನ್ನು ನಾನು ನೋಡಿಲ್ಲ. ಹಿಂದುಸ್ತಾನಿ ಗಾಯಕ ಸವಾಯಿ ಗಂಧರ್ವರ ಊರಿನಲ್ಲಿ ಹುಟ್ಟಿದ ಪುಣ್ಯ ಅದು. ಪ್ರತಿ ವರ್ಷ ನಾಡಿಗೇರ ವಾಡೆಯಲ್ಲಿ ಸವಾಯಿ ಗಂಧರ್ವರ ಪುಣ್ಯತಿಥಿಗೆ ನಡೆಯುವ ಅಹೋರಾತ್ರಿ ಸಂಗೀತಕ್ಕೆ ಕಂಬಳಿ ಹೊದ್ದು ಹೋದರೆ ಅವರು ಮನೆಗೆ ಬರುತ್ತಿದ್ದದ್ದು ಬೆಳಗಿನ ಭೈರವಿ ಮುಗಿದ ಮೇಲೆಯೇ.

ಒಮ್ಮೆ ಅವರು ನಮ್ಮ ಮನೆಗೆ ಬಂದಿದ್ದಾಗ ನಾನು ಘಾಟ್ ಡ್ಯೂಟಿ ಮುಗಿಸಿ ಬಂದೆ. ನನ್ನ ಮುಖ ನೋಡಿ ಏನನ್ನೂ ಕೇಳಲಿಲ್ಲ. ಕ್ಯಾಸೆಟ್ ಹಾಕಿದರು. ಭೀಮಸೇನ ಜೋಶಿಯವರು ವಿಲಂಬಿತ ಏಕತಾಲದಲ್ಲಿ ಹಾಡಿದ ಬಡಾ ಖ್ಯಾಲ್. ಐದು ನಿಮಿಷವಾಯಿತು, ಹತ್ತಾಯಿತು. ಅವರು ಇನ್ನೂ ಕೆಳಗಿನ ಷಡ್ಜ, ಮಂದ್ರದ ನಿಷಾದ, ಮತ್ತೆ ಷಡ್ಜ ಎಂದು ಅಲ್ಲೇ ಸುತ್ತುತ್ತಿದ್ದರು. ನನಗೆ ಚಡಪಡಿಕೆ. ಮುಂದೆ ಯಾವಾಗ ಹೋಗುತ್ತಾರೆ ಎಂದು ಕೇಳಿದೆ. ಮಾವನವರು ನನ್ನ ಕೈ ತಮ್ಮ ಮೊಣಕಾಲ ಮೇಲೆ ಇಟ್ಟುಕೊಂಡು ಹೇಳಿದರು: “ನಿಮ್ಮ ಡ್ಯೂಟಿ ಮುಗದೈತಿ. ಈಗ ಅವರು ನಡಸ್ತಾರ, ನೀವು ಸುಮ್ನ ಕೂಡ್ರಿ. ಆದ್ರ ಸಮ್ ಬಂದಾಗ ನನಗ ಹೇಳ್ರಿ.”

ಆ ಮಾತಿನ ಎರಡನೇ ಅರ್ಧದಲ್ಲಿ ಇಡೀ ವಿದ್ಯೆ ಇತ್ತು.

ಏಕತಾಲಕ್ಕೆ ಹನ್ನೆರಡು ಮಾತ್ರೆ. ವಿಲಂಬಿತದಲ್ಲಿ ಹಾಡುವಾಗ ಆ ಹನ್ನೆರಡು ಮಾತ್ರೆ ಸುತ್ತಿ ಬರಲು ಮುಕ್ಕಾಲು ನಿಮಿಷ, ಕೆಲವು ಗಾಯಕರಲ್ಲಿ ಒಂದು ನಿಮಿಷವೇ ಹಿಡಿಯುತ್ತದೆ. ನಾಲ್ಕನೆಯ ಮಾತ್ರೆಯಲ್ಲಿ ಒಂದು ‘ತಿರಕಿಟ’, ಹತ್ತನೆಯದರಲ್ಲಿ ಇನ್ನೊಂದು. ಎರಡನೆಯ ತಿರಕಿಟ ಕೇಳಿಸಿದ ಮೇಲೆ ಎರಡೇ ಮಾತ್ರೆ, ಆಮೇಲೆ ಮತ್ತೆ ಮೊದಲ ಮಾತ್ರೆ, ಅದೇ ಸಮ್. ಗಾಯಕ ಎಲ್ಲೆಲ್ಲಿ ಅಡ್ಡಾಡಿದ್ದರೂ ಬಂದಿಶಿನ ಮುಖಡಾ ಹಿಡಿದು ಅಲ್ಲಿಗೆ ಬಂದು ಸೇರುತ್ತಾನೆ. ತಬಲಾದವನೂ ಅಲ್ಲೇ ಸಿಗುತ್ತಾನೆ. ತಿಳಿದ ಕೇಳುಗನ ತಲೆ ಅಲ್ಲೇ ತೂಗುತ್ತದೆ. ಇಷ್ಟನ್ನು ಮಾವನವರು ಬೆರಳೆಣಿಸಿ ಕಲಿಸಿಕೊಟ್ಟರು. ಮೊದಮೊದಲು ಸಮ್ ತಪ್ಪಿಹೋಗುತ್ತಿತ್ತು. ನಿಧಾನಕ್ಕೆ ಹಿಡಿಯಲು ಬಂತು. ಹಿಡಿಯಲು ಬಂದ ದಿನಗಳಿಂದ ನನ್ನ ನಿದ್ದೆಯೂ ನಿಧಾನಕ್ಕೆ ಮರಳಿತು.

ಇದರ ಗುಟ್ಟು ನನಗೆ ಹೊಳೆದದ್ದು ಎಷ್ಟೋ ಕಾಲದ ಮೇಲೆ, ಒಂದು ರಾತ್ರಿ ಎಂಜಿನ್ನಿನಲ್ಲಿ ವಿಸಿಡಿಯ ದೀಪ ಮಿಣುಕಿದಾಗ. ನಿಮಿಷಕ್ಕೊಮ್ಮೆ ಬಂದು ನನ್ನನ್ನು ಪ್ರಶ್ನಿಸುವುದು ಅದು. ನಿಮಿಷಕ್ಕೊಮ್ಮೆ ಬರುವುದು ಸಮ್ ಕೂಡ. ಎರಡೂ ನನ್ನಿಂದ ಕೇಳುವುದು ಎಚ್ಚರವನ್ನೇ. ಆದರೆ ದೀಪಕ್ಕೆ ಉತ್ತರ ಕೊಡದಿದ್ದರೆ ಗಾಡಿ ನಿಲ್ಲುತ್ತದೆ, ವಿಚಾರಣೆಯಾಗುತ್ತದೆ, ಎಂಥ ಅನಾಹುತವೂ ಆಗಬಹುದು. ಸಮ್ ತಪ್ಪಿದರೆ ಏನೂ ಆಗುವುದಿಲ್ಲ. ಮತ್ತೆ ಹನ್ನೆರಡು ಮಾತ್ರೆ ಕಾದರೆ ಇನ್ನೊಂದು ಬರುತ್ತದೆ. ಎಚ್ಚರವೇ ಚಾಳಿಯಾದ ಮನಸ್ಸಿಗೆ ‘ಎಚ್ಚರ ಬಿಡು’ ಎಂದರೆ ಅದು ಕೇಳುವುದಿಲ್ಲ. ಅದಕ್ಕೆ ಅಪಾಯವಿಲ್ಲದ ಒಂದು ಎಚ್ಚರವನ್ನು ಕೊಡಬೇಕು. ಬಡಾ ಖ್ಯಾಲ್ ನನಗೆ ಕೊಟ್ಟದ್ದು ಅದನ್ನೇ. ಕಾಯುವುದನ್ನು ಬಿಡಿಸಲಿಲ್ಲ. ಹೆದರದೆ ಕಾಯುವುದನ್ನು ಕಲಿಸಿತು.

ಆಮೇಲೆ ನನ್ನ ಕೇಳ್ಮೆ ಬೆಳೆಯಿತು. ಧಾರವಾಡ ಆಕಾಶವಾಣಿ ಇರುವ ಸೀಮೆಯಲ್ಲಿ ಬದುಕಿದವನಿಗೆ ಅದಕ್ಕೇನು ಬರ? 1950ರಲ್ಲಿ ಶುರುವಾದ ಆ ಕೇಂದ್ರದಲ್ಲಿ ಮಲ್ಲಿಕಾರ್ಜುನ ಮನಸೂರರೇ ಸಂಗೀತ ಸಲಹೆಗಾರರಾಗಿದ್ದರು. ಶನಿವಾರ ರಾತ್ರಿ ಡ್ಯೂಟಿ ಇಲ್ಲದಿದ್ದರೆ ರಾಷ್ಟ್ರೀಯ ಸಂಗೀತ ಕಾರ್ಯಕ್ರಮ ತಪ್ಪಿಸುತ್ತಿರಲಿಲ್ಲ. ಮನಸೂರರು ಕೇಳುಗನಿಗೆ ಬಿಡುವು ಕೊಡುವವರಲ್ಲ. ಮೊದಲ ಆವರ್ತನದಿಂದಲೇ ಸ್ವರದ ಎಳೆಗಳನ್ನು ಹೆಣೆಯುತ್ತ ಹೋಗುತ್ತಾರೆ. ಡ್ಯೂಟಿಯ ಮಾರನೆಯ ದಿನ, ಮೈ ಹಗುರಾದ ಮೇಲೆ, ಅವರನ್ನು ಕೇಳುತ್ತಿದ್ದೆ. ಡ್ಯೂಟಿಯಿಂದ ಬಂದ ಕೂಡಲೇ ನನಗೆ ಬೇಕಾದದ್ದು ಕಿರಾನಾ ಘರಾಣೆ. ಒಂದೊಂದೇ ಸ್ವರವನ್ನು ಹಿಡಿದು, ಅದರ ಮೇಲೆ ನಿಂತು, ಅದನ್ನು ತುಂಬಿಸಿ ಆಮೇಲೆ ಮುಂದಿನದಕ್ಕೆ ಕಾಲಿಡುವ ಆ ಘರಾಣೆಯವರ ಬಢತ್ ಆ ಹೊತ್ತಿಗೆ ಸರಿಹೊಂದುತ್ತಿತ್ತು.

ಎಲ್ಲ ರಾಗವೂ ಶಾಂತಿ ಕೊಡುತ್ತದೆ ಎಂಬುದು ನನ್ನ ಅನುಭವವಲ್ಲ. ಸಂಜೆಯ ಮಾರವಾ ಕೇಳಿದರೆ ನನಗೆ ಕಳವಳ ಹೆಚ್ಚುತ್ತಿತ್ತು. ಅದರಲ್ಲಿ ಪಂಚಮವೇ ಇಲ್ಲ. ಷಡ್ಜದ ಮೇಲೂ ಗಾಯಕ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಕೋಮಲ ರಿಷಭ, ಧೈವತ ಎಂದು ಅಲೆದಾಡಿಸುತ್ತದೆ. ಹೊತ್ತು ಮುಳುಗುವಾಗ ಕಾಲ್ ಬಂದು ಮನೆ ಬಿಟ್ಟು ಹೊರಡುವವನ ಮನಸ್ಸು ಅದರಲ್ಲಿದೆ ಎಂದು ನನಗೆ ಅನಿಸುತ್ತಿತ್ತು. ದೊಡ್ಡ ರಾಗ, ಆದರೆ ಆ ಹೊತ್ತಿಗೆ ನನ್ನದಲ್ಲ. ರಾತ್ರಿಯ ದರ್ಬಾರಿ, ಸಂಜೆಯ ಯಮನ್, ಬೆಳಗಿನ ಹೊತ್ತು ಬಂದರೆ ತೋಡಿ, ಇವು ನನ್ನವಾದವು. ಇಂಥ ರಾಗ ಇಂಥ ರೋಗಕ್ಕೆ ಎಂದು ಪಟ್ಟಿ ಮಾಡಿ ಕೊಡುವವರಿದ್ದಾರೆ. ಆ ಪಟ್ಟಿಗಳಲ್ಲಿ ನನಗೆ ನಂಬಿಕೆಯಿಲ್ಲ. ತನಗೆ ಯಾವುದು ಒಗ್ಗುತ್ತದೆ ಎಂಬುದನ್ನು ಕೇಳಿ ಕೇಳಿಯೇ ತಿಳಿಯಬೇಕು.

ಗಂಗೂಬಾಯಿ ಹಾನಗಲ್ಲರ ಬಗ್ಗೆ ಪ್ರತ್ಯೇಕವಾಗಿಯೇ ಹೇಳಬೇಕು. 1913ರಲ್ಲಿ ಧಾರವಾಡದಲ್ಲಿ ಹುಟ್ಟಿ, ಹುಬ್ಬಳ್ಳಿಯಲ್ಲಿ ಬಾಳಿ, 2009ರಲ್ಲಿ ಇಲ್ಲೇ ತೀರಿಕೊಂಡ ಅವರು ಸವಾಯಿ ಗಂಧರ್ವರ ಬಳಿ ಕಲಿಯಲು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಬರುತ್ತಿದ್ದರು. ಅದೇ ಹಳಿಯ ಮೇಲೆ ನಾನು ಎಷ್ಟು ಸಲ ಗಾಡಿ ನಡೆಸಿದ್ದೇನೋ! ಮನೆಯ ಹೊರೆ, ಸಾಲ, ಜನರ ಹೀನಾಯದ ಮಾತು, ಇಷ್ಟೆಲ್ಲ ಹೊತ್ತುಕೊಂಡು ಒಬ್ಬ ಹೆಣ್ಣುಮಗಳು ಆ ಗಾಡಿ ಹತ್ತುತ್ತಿದ್ದಳು, ಒಂದು ಪಲುಕನ್ನು ಗುರು ಒಪ್ಪುವವರೆಗೆ ಮತ್ತೆ ಮತ್ತೆ ತಿದ್ದಿಕೊಂಡು ಇಳಿಹೊತ್ತಿನಲ್ಲಿ ಮರಳುತ್ತಿದ್ದಳು ಎಂದು ನೆನೆದರೆ ಈಗಲೂ ನನ್ನ ಎದೆ ತುಂಬುತ್ತದೆ. ಗಂಟಲಿನ ಶಸ್ತ್ರಚಿಕಿತ್ಸೆಯ ನಂತರ ಅವರ ದನಿ ಗಂಡುದನಿಯಂತೆ ದಪ್ಪವಾಯಿತು. ಅದನ್ನೇ ಅವರು ತಮ್ಮ ಶಕ್ತಿಯಾಗಿಸಿಕೊಂಡರು. ಅವರ ವಿಲಂಬಿತ ಕೇಳುವಾಗ ಆ ದನಿಯ ಭಾರವೇ ನನಗೆ ಆಸರೆಯಾಗುತ್ತಿತ್ತು. ಕಷ್ಟ ಕಂಡಿಲ್ಲದ ದನಿ ಸಮಾಧಾನ ಹೇಳಿದರೆ ಮನಸ್ಸು ಒಪ್ಪುವುದಿಲ್ಲ. ಅವರದನ್ನು ಒಪ್ಪುತ್ತಿತ್ತು.

ಮಾವನವರ ಜೊತೆ ನಾನೂ ನಾಡಿಗೇರ ವಾಡೆಗೆ ಹೋಗತೊಡಗಿದೆ. ಅಲ್ಲಿ ಒಂದು ಸಂಗತಿ ನೋಡಿದೆ. ಹೊಲದಲ್ಲಿ ದುಡಿದು ಬಂದವರು, ಅಂಗಡಿ ಮುಚ್ಚಿ ಬಂದವರು, ನನ್ನ ಹಾಗೆ ರೈಲ್ವೆಯವರು ಚಾಪೆಯ ಮೇಲೆ ಒಬ್ಬರಿಗೊಬ್ಬರು ಆತುಕೊಂಡು ಕೂತಿರುತ್ತಾರೆ. ವಿಲಂಬಿತ ಶುರುವಾದಾಗ ಕೆಮ್ಮು, ಪಿಸುಮಾತು, ಎಲೆ ಅಡಿಕೆಯ ಸದ್ದು. ನಾಲ್ಕಾರು ಆವರ್ತನ ಕಳೆಯುವಷ್ಟರಲ್ಲಿ ಅದೆಲ್ಲ ತಾನಾಗಿ ನಿಂತು, ನೂರಾರು ತಲೆ ಒಂದೇ ಸಮ್‌ಗೆ ತೂಗುತ್ತವೆ. ಯಾರೂ ಯಾರಿಗೂ ಹೇಳಿಕೊಟ್ಟಿಲ್ಲ. ಮನೆಯಲ್ಲಿ ಒಬ್ಬನೇ ಕೇಳಿದಾಗ ಇಳಿಯದ ಬಿಗಿ ಅಲ್ಲಿ ಇಳಿಯುತ್ತಿತ್ತು. ನಾನು ಹೊತ್ತ ಹೊರೆ ನನ್ನೊಬ್ಬನದಲ್ಲ, ಎಲ್ಲರೂ ಏನನ್ನೋ ಹೊತ್ತು ಬಂದು ಇಲ್ಲಿ ಕೂತಿದ್ದಾರೆ ಎಂದು ಗೊತ್ತಾಗುವುದೇ ದೊಡ್ಡ ವಿಶ್ರಾಂತಿ.

ಒಂದು ಸಲ ಮಾತ್ರ ಹಾಡು ಕೂಡ ನನಗೆ ಬೇಡವಾಯಿತು. ಒಬ್ಬ ಮನುಷ್ಯ ನನ್ನ ಗಾಡಿಯ ಮುಂದೆ ಬಂದು ನಿಂತ. ಹಾರ್ನ್ ಹಾಕಿದೆ, ಎಮರ್ಜೆನ್ಸಿ ಬ್ರೇಕ್ ಹಾಕಿದೆ. ತುಂಬಿದ ಗೂಡ್ಸ್ ಗಾಡಿ ವೇಗದಲ್ಲಿದ್ದಾಗ ನಿಲ್ಲಲು ಸುಮಾರು ಒಂದು ಕಿಲೋಮೀಟರ್ ಬೇಕು. ಅವನಿಗೂ ನನಗೂ ನಡುವೆ ಅಷ್ಟು ದೂರ ಇರಲಿಲ್ಲ. ಡ್ರೈವರ್ ಕೆಲಸದಲ್ಲಿ ಇದು ಬಹಳ ಜನರ ಪಾಲಿಗೆ ಬರುತ್ತದೆ. ಯಾರೂ ಇದರ ಬಗ್ಗೆ ಮಾತಾಡುವುದಿಲ್ಲ. ಅವನು ನನ್ನತ್ತ ನೋಡಿದ. ಆ ನೋಟ ನನ್ನೊಂದಿಗೆ ಮನೆಗೆ ಬಂತು.

ಆ ದಿನಗಳಲ್ಲಿ ಯಾವ ಗಾಯಕರ ದನಿಯೂ ಸಹಿಸಲಾಗುತ್ತಿರಲಿಲ್ಲ. ಮನುಷ್ಯನ ದನಿ ಎಂಬುದೇ ಚುಚ್ಚುತ್ತಿತ್ತು. ಮಾವನವರು ಬಂದು ನನ್ನ ಮಗ್ಗುಲಿಗೆ ಕೂತರು. ಒಂದು ಪುಟ್ಟ ಎಲೆಕ್ಟ್ರಾನಿಕ್ ತಂಬೂರಿ ತಂದಿದ್ದರು. ಅದನ್ನು ಮೊದಲು ತಯಾರಿಸಿದ್ದು ನಮ್ಮ ಬೆಂಗಳೂರಿನಲ್ಲೇ, 1979ರಲ್ಲಿ, ಕೊಳಲು ನುಡಿಸುವ ಎಂಜಿನಿಯರ್ ಜಿ. ರಾಜ್ ನಾರಾಯಣ್ ಅವರು. ಮೀರಜಿನಲ್ಲಿ ಕುಂಬಳದ ಬುರುಡೆಯಿಂದ ಮಾಡುವ ನಿಜವಾದ ತಂಬೂರಿಯ ಜವಾರಿ ಅದಕ್ಕಿಲ್ಲ. ಆದರೂ ಪಂಚಮ, ಷಡ್ಜ, ಷಡ್ಜ, ಖರ್ಜ ಎಂಬ ನಾಲ್ಕು ತಂತಿಗಳ ನಾದ ಅದರಲ್ಲಿತ್ತು. “ಹಾಡು ಬ್ಯಾಡ ಅಂದ್ರ ಬ್ಯಾಡ. ಇದಿಷ್ಟ ಇರಲಿ” ಎಂದರು. ದೀಪ ಆರಿಸದೆ, ತಂಬೂರಿಯನ್ನು ಸಣ್ಣಗೆ ಹಚ್ಚಿಟ್ಟು ರಾತ್ರಿಗಳನ್ನು ಕಳೆದೆ. ಅದು ಎಲ್ಲಿಗೂ ಹೋಗುವುದಿಲ್ಲ, ಏನನ್ನೂ ಹೇಳುವುದಿಲ್ಲ. ಮರೆಸಲಿಲ್ಲ. ಮರೆಸಬೇಕೆಂದು ನಾನು ಬಯಸಲೂ ಇಲ್ಲ. ಆ ಮನುಷ್ಯನನ್ನು ನೆನೆಯುತ್ತಲೇ ಉಸಿರಾಡಲು ಅದು ನೆಲ ಕೊಟ್ಟಿತು. ಡಾಕ್ಟರ ಬಳಿಯೂ ಹೋದೆ, ಅವರ ಮಾತೂ ಔಷಧವೂ ಬೇಕಾಗಿದ್ದವು. ಸಂಗೀತವೊಂದೇ ಸಾಕೆಂದು ನಾನು ಯಾರಿಗೂ ಹೇಳಲಾರೆ. ಒಂದು ಸಂಜೆ ನಾನೇ ಆ ಷಡ್ಜಕ್ಕೆ ದನಿ ಸೇರಿಸಿದೆ. ಹಾಡಲು ಬರದವನ ದನಿ ಅದು. ಒಳಗಿನ ಕಡೆಯಿಂದ ಹೆಂಡತಿ ಬಂದು ಅಲ್ಲೇ ಕೂತಳು. ಅವಳಿಗೆ ಅರ್ಥವಾಗಿತ್ತು, ಗಂಡ ಮನೆಗೆ ಬಂದಿದ್ದಾನೆ ಎಂದು.

ನಿವೃತ್ತಿಯ ನಂತರ ಇದರ ಬಗ್ಗೆ ಓದಲು ಬಿಡುವಾಯಿತು. ಇಟಲಿಯ ಪಾವಿಯಾ ವಿಶ್ವವಿದ್ಯಾಲಯದ ಲೂಸಿಯಾನೊ ಬರ್ನಾರ್ಡಿ ಎಂಬ ವೈದ್ಯರು ಮತ್ತು ಅವರ ಸಂಗಡಿಗರು 2006ರಲ್ಲಿ ‘ಹಾರ್ಟ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದ ಒಂದು ಅಧ್ಯಯನ ನನ್ನ ಕಣ್ಣಿಗೆ ಬಿತ್ತು. 24 ಜನ, ಅವರಲ್ಲಿ ಅರ್ಧ ಸಂಗೀತಗಾರರು, ಅರ್ಧ ಅಲ್ಲದವರು. ಅವರಿಗೆ ನಿಧಾನದ್ದೂ ವೇಗದ್ದೂ ಆದ ಆರು ಬಗೆಯ ಸಂಗೀತ ಕೇಳಿಸಿದರು. ಅವುಗಳಲ್ಲಿ ನಮ್ಮ ರಾಗಸಂಗೀತವೂ ಒಂದು. ನಡುವೆ ಎರಡು ನಿಮಿಷದ ಮೌನವನ್ನೂ ಸೇರಿಸಿದ್ದರು. ಸಂಗೀತದ ಜಾತಿ ಯಾವುದು ಎನ್ನುವುದಕ್ಕಿಂತ ಅದರ ಲಯ ಎಷ್ಟು ಎಂಬುದರ ಮೇಲೆ ಉಸಿರು, ನಾಡಿ, ರಕ್ತದೊತ್ತಡ ಬದಲಾದವು. ವೇಗದ ಲಯ ಏರಿಸಿತು. ಎಲ್ಲಕ್ಕಿಂತ ನನ್ನನ್ನು ಹಿಡಿದದ್ದು ಮೌನದ ಮಾತು. ಆ ಎರಡು ನಿಮಿಷದಲ್ಲಿ ನಾಡಿಯೂ ರಕ್ತದೊತ್ತಡವೂ ಸಂಗೀತ ಶುರುವಾಗುವುದಕ್ಕೆ ಮುಂಚೆ ಇದ್ದದ್ದಕ್ಕಿಂತ ಕೆಳಗೆ ಇಳಿದವು. ಸಂಗೀತ ಮೊದಲು ಗಮನವನ್ನು ಒಂದೆಡೆ ಸೆಳೆದು ಕೂಡಿಸುತ್ತದೆ, ನಿಧಾನದಲ್ಲಿ ಅಥವಾ ನಿಂತ ಮೇಲೆ ಅದನ್ನು ಸಡಿಲಿಸುತ್ತದೆ ಎಂದು ಅವರು ಅರ್ಥ ಮಾಡಿದರು.

ಮಾವನವರು ಇದನ್ನು ಓದಲು ಇರಲಿಲ್ಲ. ಆದರೆ ಅವರಿಗೆ ಇದು ತಿಳಿದೇ ಇತ್ತು. ದ್ರುತ್ ಮುಗಿದು, ತಾನುಗಳೆಲ್ಲ ಹರಿದು, ಕ್ಯಾಸೆಟ್ ನಿಂತ ಮೇಲೆ ನಾನು ಇನ್ನೊಂದು ಹಾಕಲು ಕೈ ಚಾಚಿದರೆ ತಡೆಯುತ್ತಿದ್ದರು. “ತಡೀರಿ, ಇನ್ನೂ ಮುಗದಿಲ್ಲ” ಎನ್ನುತ್ತಿದ್ದರು.

ಈಗಿನ ಹುಡುಗರು ನನ್ನ ಬಳಿ ಬರುತ್ತಾರೆ. ನಾನು ಕಲಿತ ಕಾಲಕ್ಕಿಂತ ಅವರ ಗಾಡಿಗಳು ಉದ್ದ, ಸಂಚಾರ ದಟ್ಟ, ಒತ್ತಡ ಹೆಚ್ಚು. ಮೊಬೈಲಿನಲ್ಲಿ ಜಗತ್ತಿನ ಸಂಗೀತವೆಲ್ಲ ಇದೆ, ಆದರೂ ನಿದ್ದೆ ಇಲ್ಲ ಎನ್ನುತ್ತಾರೆ. ಅವರಿಗೆ ನಾನು ಹೇಳುವುದು ಇಷ್ಟೇ. ಡ್ಯೂಟಿಯಲ್ಲಿ ಇದರ ಯೋಚನೆಯೂ ಬೇಡ, ಅಲ್ಲಿ ಕಿವಿ ಗಾಡಿಯದು. ಮನೆಗೆ ಬಂದ ಮೇಲೆ ಉಂಡು, ಕಾಲು ಚಾಚಿ ಕೂತು ಒಂದೇ ಒಂದು ಬಡಾ ಖ್ಯಾಲ್ ಕೇಳಿ. ಖ್ಯಾಲೇ ಆಗಬೇಕೆಂದಿಲ್ಲ, ನಿಮ್ಮ ಮನೆಯ ಭಜನೆಯಾದರೂ ಸರಿ, ನಿಧಾನದ್ದಾಗಿರಲಿ. ಬೇರೆ ಕೆಲಸ ಮಾಡುತ್ತ ಕೇಳಬೇಡಿ. ನಡುವೆ ಬದಲಿಸಬೇಡಿ. ಮುಗಿದ ಮೇಲೆ ಇನ್ನೊಂದನ್ನು ಕೂಡಲೇ ಹಚ್ಚಬೇಡಿ. ಚಿಂತೆ ಬಿಟ್ಟು ಕೂರಬೇಕೆಂದು ನಾನು ಹೇಳುವುದಿಲ್ಲ, ಅದು ಯಾರಿಂದಲೂ ಆಗದ ಮಾತು. ಚಿಂತೆಯ ಜೊತೆಗೇ ಬಂದು ಕೂತು ಒಂದು ಸಮ್ ಹಿಡಿಯಿರಿ, ಆಮೇಲೆ ಮುಂದಿನದಕ್ಕೆ ಕಾಯಿರಿ. ತಪ್ಪಿದರೆ ತಪ್ಪಲಿ, ಮತ್ತೆ ಬರುತ್ತದೆ. ಒಂದು ತಪ್ಪೂ ಆಗಬಾರದ ಕೆಲಸ ಮಾಡುವವರಿಗೆ, ತಪ್ಪಿದರೂ ನಡೆಯುವ ಇಂಥದೊಂದು ಜಾಗ ದಿನಕ್ಕೊಮ್ಮೆ ಸಿಗಲೇಬೇಕು.